ಕಬ್ಬಿಗೆ ಕಡುಹಸಿರು, ಸಡಾಕ್ಕೆ ಕೆಂಪು

ಕೊಲ್ಹಾಪುರದ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿದಾಗ ನನಗೆ ಸಿಕ್ಕ ಕೆಲಸ ಇದು: ಉಪಗ್ರಹದ ಚಿತ್ರ ನೋಡಿ, ಗಡಹಿಂಗ್ಲಜ ಸುತ್ತ ಎಲ್ಲಿ ಹೆಚ್ಚು ಬಗೆಯ ಗಿಡಗಳಿವೆ ಎಂದು ಅಂದಾಜು ಮಾಡುವುದು. ಚಿತ್ರದಲ್ಲಿ ಬಣ್ಣದ ಏರಿಳಿತ ಹೆಚ್ಚಿದ್ದಲ್ಲಿ ಗಿಡದ ಬಗೆಗಳೂ ಹೆಚ್ಚು ಎಂಬುದು ಲೆಕ್ಕ. ಬೇಸಿಗೆಯ ಚಿತ್ರಗಳಿಂದ ನಕ್ಷೆ ಮಾಡಿದೆ. ನೇಸರಿಯ ಕಬ್ಬಿನ ಬಯಲು ಕಡುಹಸಿರಾಗಿ, ಅಂದರೆ ಸಮೃದ್ಧವಾಗಿ ಬಂತು. ಗುಡ್ಡದ ನೆತ್ತಿಯ ಸಪಾಟು ಕಲ್ಲುನೆಲ, ನಮ್ಮ ಕಡೆ ಸಡಾ ಅನ್ನುತ್ತಾರೆ, ಅದು ಕೆಂಪಗೆ, ಬಡವಾಗಿ ಬಂತು.

"ಛಾನ್! ಭಾಳ ಚಲೋ ಬಂದೈತಿ," ಅಂದರು ನನ್ನ ಮಾರ್ಗದರ್ಶಕ ಸರ್.

ನನಗೆ ನಂಬಿಕೆ ಬರಲಿಲ್ಲ. ಕಬ್ಬಿನ ಬಯಲಿನಲ್ಲಿ ಅಷ್ಟು ಬಗೆಯ ಗಿಡ ಎಲ್ಲಿಂದ ಬರಬೇಕು? ಶ್ರಾವಣದಲ್ಲಿ ಹೋಗಿ ನೋಡುತ್ತೇನೆ ಎಂದು ಇಚಲಕರಂಜಿಯ ಮನೆಯಲ್ಲಿ ಹೇಳಿದೆ. ಪವರ್‌ಲೂಮ್ ಕೆಲಸಕ್ಕೆ ಹೋಗುವ ಅವ್ವ ರಜೆ ಹಾಕಿದಳು. "ಒಬ್ಬಾಕಿನ ಗುಡ್ಡಾ ಏರೂದು ಬ್ಯಾಡ. ನಾನೂ ಬರ್ತೇನಿ."

ಎಸ್‌ಟಿ ಬಸ್ಸಿಳಿದು ಕಬ್ಬಿನೊಳಗೆ ನಡೆದೆವು. ಬರೀ ಕಬ್ಬು. ಬೇಸಿಗೆಯಲ್ಲಿ ಒಂದು ತುಂಡು ಕಡಿದಿರುತ್ತದೆ, ಪಕ್ಕದ್ದು ನಿಂತಿರುತ್ತದೆ, ಮತ್ತೊಂದು ಆಗಷ್ಟೇ ಚಿಗುರಿರುತ್ತದೆ. ಆ ಏರಿಳಿತವನ್ನೇ ನನ್ನ ಲೆಕ್ಕ ಹಲವು ಗಿಡಗಳೆಂದು ಓದಿತ್ತು! ಮೈ ಉರಿದುಹೋಯಿತು.

ಬೇಸಿಗೆಯಲ್ಲಿ ಒಣಗಿ ಒಂದೇ ಬಣ್ಣವಾಗಿದ್ದ ಸಡಾ ಏರಿದರೆ ಕಲ್ಲಿನ ಸಂದುಸಂದಿನಲ್ಲೂ ನೇರಳೆ, ಹಳದಿ, ಬಿಳಿ. ಹುಳ ಹಿಡಿಯುವ ಅಂಟು ಎಲೆಯ ಪುಟ್ಟ ಗಿಡಗಳು. ಅವ್ವ ಸೀರೆ ಎತ್ತಿ ಹಿಡಿದು ನಿಂತೇಬಿಟ್ಟಳು. "ಎಲ್ಲೆ ಕಾಲ ಇಡ್ಲಿ? ಎಲ್ಲಾ ಕಡೆ ಹೂವ ಅದಾವಲ್ಲ!"

ಸರ್‌ಗೆ ಹೇಳಿದೆ. ಮಳೆಗಾಲದ ಚಿತ್ರ ತೋರಿಸು ಅಂದರು. ತೆರೆದೆ. ಮೋಡ. ಮತ್ತೊಂದು ತೆರೆದೆ, ಅದೂ ಮೋಡ. ಸಡಾ ಅರಳುವ ಕಾಲವೆಲ್ಲ ಬೆಳ್ಳಗೆ ಮುಚ್ಚಿಹೋಗಿತ್ತು.

"ನೀ ನೋಡೀದಿ, ಖರೆ. ಚಿತ್ರದಾಗ ಇಲ್ಲಲ್ಲ?"

"ಹಂಗಾರ ಕಬ್ಬಿನ ಹೊಲಾನರ ನಕ್ಷೆದಾಗಿಂದ ತಗದ ಹಾಕೋಣ್ರಿ, ಸರ್."

"ಸಮ್ಮೇಳನ ಹತ್ರ ಬಂತು, ಈಗ ವ್ಯಾಳ್ಯಾ ಇಲ್ಲ. ಮುಂದ ನೋಡೋಣ."

ನಕ್ಷೆ ಹಾಗೆಯೇ ಸಮ್ಮೇಳನಕ್ಕೆ ಹೋಯಿತು. ನನ್ನ ಹೆಸರು ತೆಗೆಯಿರಿ ಅಂದೆ. ಬೇಜಾರಿನಿಂದಲೇ ತೆಗೆದರು. ಅಲ್ಲಿ ಚಪ್ಪಾಳೆ ಬಿತ್ತಂತೆ. ನಕ್ಷೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಈಗ ಪ್ರತಿ ಮಳೆಗಾಲ ಅವ್ವನೂ ನಾನೂ ಸಡಾ ಏರುತ್ತೇವೆ. ಹಗ್ಗದಿಂದ ಚೌಕ ಹಾಕಿ, ಒಳಗಿನ ಗಿಡಗಳನ್ನು ಒಂದೊಂದಾಗಿ ಗುರುತಿಸುತ್ತೇನೆ. ಇಡೀ ದಿನ ಬಗ್ಗಿದರೂ ಮುಗಿಯುವುದು ಅಂಗಳದಷ್ಟು ನೆಲ. ಉಪಗ್ರಹ ಇಡೀ ತಾಲೂಕನ್ನು ಕ್ಷಣದಲ್ಲಿ ದಾಟುತ್ತದೆ. ಅದನ್ನು ನೆನೆದಾಗೆಲ್ಲ ಮೋಡ ನೋಡಿ ಗೊಣಗುತ್ತೇನೆ.

"ಬೈದ್ರ ಮೋಡ ಸರೀತಾವೇನ?" ಅನ್ನುತ್ತಾಳೆ ಅವ್ವ. "ಹಗ್ಗಾ ಬಿಗಿ ಹಿಡಿ."