ತೌಡಿಗೆ ಕೊಂಡ ಮಗ

ನನ್ನನ್ನು ದತ್ತು ಕೇಳಲು ದೊಡ್ಡಪ್ಪ ನಂಜನಗೂಡಿನಿಂದ ಗಾಡಿ ಕಟ್ಟಿಕೊಂಡು ನರಸೀಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದಾಗ ನನಗೆ ಏಳು ವರ್ಷ. ಅವನಿಗೆ ಮಕ್ಕಳಿರಲಿಲ್ಲ, ಗದ್ದೆ ಬೇಕಾದಷ್ಟಿತ್ತು. "ಅರಮನೆಯೋರೇ ದತ್ತು ತಗೊಂಡೌರೆ, ನಮ್ದೇನ್ಲಾ ಎಚ್ಚು?" ಎಂದು ಅಪ್ಪನ ಬಾಯಿ ಮುಚ್ಚಿಸಿದ. ಮುಚ್ಚಿಸುವ ಅಗತ್ಯವೇ ಇರಲಿಲ್ಲ. ಅಣ್ಣ ಹಾಕಿದ ಗೆರೆ ದಾಟುವ ಪೈಕಿಯಲ್ಲ ನಮ್ಮಪ್ಪ.

ಅವ್ವನನ್ನು ಯಾರೂ ಕೇಳಲಿಲ್ಲ. ಅವಳೇ ಅಡುಗೆಮನೆಯಿಂದ, "ಸಾಕುಮಗ ಅಂತ ಕರ್ಕೊಂಡೋಗಿ ಬಾವ, ಅಬ್ಬಕ್ಕೆ ಉಣ್ಣಿಮೆಗೆ ಬಂದು ಓಗ್ಲಿ" ಎಂದು ಒಂದು ಮಾತು ಆಡಿ ನೋಡಿದಳು. ದೊಡ್ಡಪ್ಪ ಒಪ್ಪಲಿಲ್ಲ. ಸಾಕುಮಗ ಉಂಡು ಬೆಳೆಯುತ್ತಾನೆ, ಅಷ್ಟೆ. ಆಸ್ತಿಗೂ ಇಲ್ಲ, ಪಿಂಡಕ್ಕೂ ಇಲ್ಲ. ದತ್ತು ಹಾಗಲ್ಲ. ನೀರು ಬಿಟ್ಟು ಕೊಟ್ಟ ಮೇಲೆ ಹೆತ್ತವಳು ಚಿಕ್ಕವ್ವನಾಗುತ್ತಾಳೆ. ಇದನ್ನು ಕೇಳಿದ ನಾನು ಹಿತ್ತಲಿಗೆ ಹೋಗಿ ಅತ್ತೆ.

ಒಳ್ಳೆಯ ದಿನ ನೋಡಿ ಜಗುಲಿಯ ಮೇಲೆ ನೆರೆಹೊರೆಯವರನ್ನು ಕೂಡಿಸಿದರು. ಪುರೋಹಿತರು ಅಪ್ಪನಿಗೆ, "ಒಬ್ಬನೇ ಮಗನನ್ನು ಕೊಡುವ ಹಾಗಿಲ್ಲ. ನಿನಗೆ ಇನ್ನೊಬ್ಬ ಇದ್ದಾನಷ್ಟೆ?" ಎಂದರು. ಅಪ್ಪ ತೊಟ್ಟಿಲಲ್ಲಿದ್ದ ತಮ್ಮನನ್ನು ತೋರಿಸಿದ. ಅವ್ವ ಧಾರೆಯ ನೀರಿನ ಚೆಂಬು ಹಿಡಿದು ನಿಂತಿದ್ದಳು.

ಆಗ ಪಕ್ಕದ ಮನೆಯ, ಮಕ್ಕಳಿಲ್ಲದ ಮುದಿ ವಿಧವೆ ಎದ್ದು ನಿಂತಳು. ಅವಳ ಬಾಯಿಗೆ ಹೆದರಿ ಊರವರು ತಮ್ಮ ಕೋಳಿಗಳನ್ನು ಅವಳ ಹಿತ್ತಲಿಗೆ ಬಿಡುತ್ತಿರಲಿಲ್ಲ.

"ಅದು ನನ್ನ ಕೂಸು ಸಾಮಿ. ಕೊಡಕ್ಕೆ ಇವರ್ಯಾರು?" ಎಂದು ನನ್ನ ಕಡೆ ಕೈ ತೋರಿಸಿದಳು.

ಅವಳು ಹೇಳಿದ್ದು ಸುಳ್ಳಲ್ಲ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮೂರು ಮಕ್ಕಳೂ ಉಳಿದಿರಲಿಲ್ಲ. ಅದಕ್ಕೇ ನಮ್ಮ ಕಡೆಯ ವಾಡಿಕೆಯಂತೆ ನನ್ನನ್ನು ಮೊರದಲ್ಲಿ ಮಲಗಿಸಿ, ಒಂದಿಷ್ಟು ತೌಡಿಗೆ ಈಕೆಗೆ ಮಾರಿದ್ದರು. ಇದು ಇವರ ಕೂಸಲ್ಲ ಎಂದು ಯಮನನ್ನು ನಂಬಿಸುವ ಉಪಾಯ. ಕೊಂಡವಳು "ನನ್ನ ಕೂಸ ಸಾಕ್ಕೊಡವ್ವ" ಎಂದು ಅವ್ವನ ಮಡಿಲಿಗೇ ಹಾಕಿದ್ದಳು. ತೌಡನ್ನು ಎಮ್ಮೆ ತಿಂದಿತು, ವ್ಯಾಪಾರವನ್ನು ಜನ ಮರೆತರು.

ದೊಡ್ಡಪ್ಪ ನಕ್ಕ. "ತೌಡಿನ ಯಾಪಾರಾನೂ ಒಂದು ಯಾಪಾರವೇ?"

"ಅಂಗಾರೆ ಅದು ಸುಳ್ಳು ಅಂತ ಎಲ್ಲರ ಮುಂದೆ ಅಂದ್ಬುಡಿ. ಯಮನೂ ಕೇಳುಸ್ಕೊಳ್ಲಿ."

ಮೂರು ಮಕ್ಕಳನ್ನು ಹೂತು ಬಂದಿದ್ದ ಅಪ್ಪನಿಗೆ ಆ ಮಾತು ಆಡುವ ಎದೆ ಇರಲಿಲ್ಲ. ದತ್ತಿಗೆ ಮಂತ್ರ ಬೇಕು, ಸಾಕ್ಷಿ ಬೇಕು. ತೌಡಿನ ವ್ಯಾಪಾರಕ್ಕೆ ಭಯವೊಂದೇ ಸಾಕು. ಯಾವುದು ಹೆಚ್ಚು ಗಟ್ಟಿ ಎಂದು ಈ ವಯಸ್ಸಿನಲ್ಲೂ ನಾನು ಹೇಳಲಾರೆ.

ದೊಡ್ಡಪ್ಪ ದನಿ ತಗ್ಗಿಸಿದ. "ಓಗ್ಲಿ, ನೀನೇ ಕೊಡವ್ವ."

ಅವಳು ಪುರೋಹಿತರ ಕಡೆ ತಿರುಗಿದಳು. "ಒಬ್ಬನೇ ಮಗನ್ನ ಕೊಡಂಗಿಲ್ಲ ಅಂದ್ರಲ್ಲ ಸಾಮಿ. ನಂಗಿರೋನು ಇವನೊಬ್ಬನೇ." ಹೇಳುತ್ತಲೇ ನನ್ನ ತೋಳು ಹಿಡಿದು ತನ್ನ ಕಡೆಗೆ ಎಳೆದುಕೊಂಡಳು.

ಪುರೋಹಿತರು ಪಂಚಾಂಗ ಮಡಚಿದರು. ದೊಡ್ಡಪ್ಪ ಊಟ ಮಾಡದೆ ಗಾಡಿ ಹತ್ತಿದ.

ಮುದುಕಿ ಒಳ್ಳೆ ಆಟ ಕಟ್ಟಿದಳೆಂದು ಊರು ಮೆಚ್ಚಿಕೊಂಡಿತು. ಅವ್ವ ಅದನ್ನು ಆಟವೆಂದುಕೊಳ್ಳಲಿಲ್ಲ. ಆ ಸಂಜೆ ಮುದ್ದೆಗೆ ಕುಳಿತ ನನ್ನನ್ನು ಎಬ್ಬಿಸಿ, "ಓಗು ಕಣಪ್ಪ, ಇವತ್ತು ನಿಮ್ಮವ್ವನ ಮನೇಲಿ ಉಣ್ಣು" ಎಂದು ಪಕ್ಕದ ಮನೆಗೆ ಕಳಿಸಿದಳು. ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ತಮ್ಮನಿಗೆ ಹಾಲೂಡಿಸಲು ಕುಳಿತಳು.