ಕ್ಯಾಮೆರಾದ ಕಾಲು, ಬಟ್ಟಲ ನೀರು

ಅರಗಿನ ಪಾಲಿಶಿನ ವಾಸನೆ ಎಲ್ಲಿ ಬಂದರೂ ನನಗೆ ಮಿರಜಿನ ಆ ಸಿತಾರಿನ ಕಾರಖಾನೆ ನೆನಪಾಗುತ್ತದೆ. ಆ ಮಧ್ಯಾಹ್ನ ಅಲ್ಲಿ ಇದ್ದವರು ಮೂವರೇ: ಫೋಟೋ ತೆಗೆಯುವ ನನ್ನ ಅಪ್ಪ, ಸಿತಾರು ಕಟ್ಟುವ ಅವರ ಗೆಳೆಯ ಶಿವಲಿಂಗ ಕಾಕಾ, ಮತ್ತು ಏಳನೆಯ ತರಗತಿಯ ನಾನು. ತೂಗುಬಿಟ್ಟ ಒಣ ಸೋರೆಬುರುಡೆಗಳ ಕೆಳಗೆ, ಆರಿಸಲೆಂದು ತಂದ ಎರಡು ಕ್ಯಾಮೆರಾ ಸ್ಟ್ಯಾಂಡು ನಿಂತಿದ್ದವು. ಅಪ್ಪನ ಹಳೆಯ ಸ್ಟ್ಯಾಂಡಿನ ಕಾಲಿಗೆ ಗೆದ್ದಲು ಹತ್ತಿತ್ತು. ಟ್ರಂಕಿನಷ್ಟು ದೊಡ್ಡದಾದ, ಕರಿ ಬಟ್ಟೆಯೊಳಗೆ ತಲೆಯಿಟ್ಟು ನೋಡುವ ಅವರ ಕ್ಯಾಮೆರಾಕ್ಕೆ ಗಟ್ಟಿಯಾದ, ಕೈಗೆಟಕುವ ಬೆಲೆಯ ಮೂರು ಕಾಲು ಬೇಕಾಗಿದ್ದವು. ನಾಲ್ಕು ದಿನ ಬಿಟ್ಟು ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯರ ಗುಂಪು ಫೋಟೋ ಇತ್ತು.

ಆ ಫೋಟೋ ಬರೀ ಗುಂಪಿಗಾಗಿ ಅಲ್ಲ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತಿತ್ತು. ಕಬ್ಬಿನ ಹೊಲ ಬಿಟ್ಟು ಬಂದು ಸಾಲಾಗಿ ನಿಂತ ಆ ರೈತರಲ್ಲಿ ಹೆಚ್ಚಿನವರಿಗೆ ಜನ್ಮದಲ್ಲಿ ಅದೊಂದೇ ಫೋಟೋ. ಯಾರಾದರೂ ತೀರಿಕೊಂಡರೆ ಮನೆಯವರು ನಮ್ಮಲ್ಲಿಗೆ ಬಂದು, ಸಾಲಿನಲ್ಲಿ ಬೆರಳಿಟ್ಟು ತೋರಿಸಿ, ಆ ಒಂದು ಮುಖವನ್ನಷ್ಟೇ ದೊಡ್ಡದು ಮಾಡಿಸಿಕೊಂಡು ಹೋಗುತ್ತಿದ್ದರು. ದೊಡ್ಡ ಗಾಜಿನ ಪ್ಲೇಟಿನಲ್ಲಿ ಕಾಳಿನಷ್ಟಿದ್ದ ಮುಖವೂ ಸ್ಪಷ್ಟವಾಗಿ ಎದ್ದು ಬರುತ್ತಿತ್ತು, ಸ್ಟ್ಯಾಂಡು ಅಲುಗದಿದ್ದರೆ.

ಒಂದು ಸ್ಟ್ಯಾಂಡು ಸಾಂಗ್ಲಿಯ ಹಳೇ ಸಾಮಾನಿನ ಅಂಗಡಿಯದು. ಜಮೀನು ಅಳೆಯುವವರು ಬಳಸಿ ಬಿಟ್ಟದ್ದು, ಸಾಗವಾನಿ ಕಾಲು, ಮೇಲೆ ಹಳದಿ ಬಣ್ಣ. ಇನ್ನೊಂದು ವಿಶ್ರಾಮಬಾಗದ ಅಂಗಡಿಯವರು ನೋಡಲೆಂದು ಕೊಟ್ಟ ಅಲ್ಯುಮಿನಿಯಂನದು, ಬೆಳ್ಳಿಯಂತೆ ಹೊಳೆಯುವುದು. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ನನ್ನ ಮನಸ್ಸು ಹೊಳೆಯುವುದರ ಮೇಲೆಯೇ ಇತ್ತು. ಹಿಂದೊಮ್ಮೆ ಅಪ್ಪ ಹಳೆಯ ಸ್ಟ್ಯಾಂಡಿನ ಕಟ್ಟಿಗೆಯ ಕಾಲುಗಳನ್ನು ಹೆಗಲ ಮೇಲೆ ಹೊತ್ತು ಪೇಟೆಯಲ್ಲಿ ಹೊರಟಾಗ ನಮ್ಮ ವರ್ಗದ ಹುಡುಗಿಯೊಬ್ಬಳು, "ಯಾರು ಹೋದ್ರs ನಿಮ್ಮ ಪೈಕಿ? ನಿಮ್ಮಪ್ಪ ಚಟ್ಟದ ಗಳಾ ಹೊತ್ತು ಹೊಂಟಾರಲ್ಲ" ಎಂದಿದ್ದಳು. ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ.

ಪರೀಕ್ಷೆ ಹೇಗೆಂದರೆ, ಸ್ಟ್ಯಾಂಡಿನ ತಲೆಯ ಮೇಲೆ ನೀರು ತುಂಬಿದ ಬಟ್ಟಲಿಟ್ಟು ಅಪ್ಪ ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು. ಕಾಕಾ ಕಾಲಿಗೆ ಕಿವಿ ಹಚ್ಚಿ ಕೂಡುತ್ತಿದ್ದರು. ಅಪ್ಪನಿಗೆ ಹತ್ತಿರದ್ದು ಮಸುಕು, ಆದ್ದರಿಂದ ನೀರು ನೋಡುವ ಕೆಲಸ ನನ್ನದು. ಹಳದಿ ಸ್ಟ್ಯಾಂಡಿನ ಮೇಲೆ ನೀರು ತಟ್ಟಿದ ಕೂಡಲೇ ಸುಮ್ಮನಾಯಿತು. "ಇದು ಮೂಕ ಕಟ್ಟಿಗಿ. ನನ್ನ ಸಿತಾರಿಗಿ ಬ್ಯಾಡ, ನಿನ್ನ ಕ್ಯಾಮೆರಾಕ್ಕ ಬರೋಬರಿ" ಎಂದರು ಕಾಕಾ. ಆಮೇಲೆ ಹೊಳೆಯುವುದನ್ನು ತಟ್ಟಿದಾಗ ಅವರ ಹುಬ್ಬು ಗಂಟಾಯಿತು.

"ಇದು ಹಾಡತೈತೋ."

"ನೀರು ಏನಂತಾವವ್ವಾ?" ಎಂದು ಅಪ್ಪ ನನ್ನನ್ನು ಕೇಳಿದರು. ಬಟ್ಟಲಿನಲ್ಲಿ ಸಣ್ಣ ಸಣ್ಣ ಅಲೆಯ ಬಳೆಗಳು ಇನ್ನೂ ಸುತ್ತುತ್ತಿದ್ದವು.

"ನಿಂತಾವ್ರಿ ಅಪ್ಪಾ" ಎಂದೆ.

ಕಾಕಾ ಕಿವಿ ಉಜ್ಜಿಕೊಂಡು ನಕ್ಕರು. "ಹಂಗಾರ ನನ್ನ ಕಿವಿಗಿ ವಯಸ್ಸಾತು ಬಿಡು. ಕೂಸಿನ ಕಣ್ಣು ಯಾಕ ಸುಳ್ಳ ಹೇಳ್ಯಾವು?"

ಹೊಳೆಯುವುದೇ ಮನೆಗೆ ಬಂತು. ಫೋಟೋದ ದಿನ ಕೃಷ್ಣೆಯ ಕಡೆಯಿಂದ ತುಸು ಗಾಳಿಯಿತ್ತು. ಸಣ್ಣ ಪ್ರತಿಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕಸಬೆ ಡಿಗ್ರಜದಿಂದ ಪಾರವ್ವ ಎಂಬ ಹೆಂಗಸು ಬಂದು, ಮೂರನೆಯ ಸಾಲಿನಲ್ಲಿದ್ದ ತೀರಿಹೋದ ಗಂಡನ ಮೇಲೆ ಬೆರಳಿಟ್ಟಳು. ದೊಡ್ಡದು ಮಾಡಿದರೆ ಆ ಮುಖಕ್ಕೆ ಎರಡು ಮೂಗು, ನಾಲ್ಕು ಕಣ್ಣು. ಅಪ್ಪ ಮೂರು ದಿನ ಕತ್ತಲೆ ಕೋಣೆಯಲ್ಲಿ ಕೂತರು, ಪೆನ್ಸಿಲಿನಿಂದ ಹುಬ್ಬು ತಿದ್ದಿದರು, ಕೊನೆಗೆ ಆದಷ್ಟನ್ನು ಕೈಗಿಟ್ಟು, "ಗಾಳಿ ಇತ್ತವ್ವಾ ಅವತ್ತ, ತಪ್ಪಾತು" ಎಂದರು. ಪಾರವ್ವ ಅದನ್ನು ಬಹಳ ಹೊತ್ತು ನೋಡಿದಳು. "ಅವರs ಅದಾರ ಬಿಡ್ರಿ" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಬಾಗಿಲಲ್ಲಿದ್ದ ನಾನು ಸರಿದು ಅವಳಿಗೆ ದಾರಿ ಬಿಟ್ಟೆ. ಕಾಕಾರೂ ಗಾಳಿಯ ಮಾತನ್ನೇ ನಂಬಿದರು. ಸಿತಾರಿಗೆ ತಂತಿ ಕಟ್ಟಿ ಸ್ವರ ಹೊಂದಿಸಿದ ಮೇಲೆ ಮಗನನ್ನು ಕರೆದು, "ಬರೋಬರಿ ಐತೇನ ನೋಡಪಾ" ಎಂದು ಕೇಳುವ ರೂಢಿ ಅವರಿಗೆ ಆ ಬಟ್ಟಲಿನ ದಿನದಿಂದ ಶುರುವಾದದ್ದು ಕಡೆಯವರೆಗೂ ಹೋಗಲಿಲ್ಲ. ನಾನು ಒಂದೇ ಒಂದು ಮಾತು ಹೇಳಿದ್ದರೆ ಅವರ ಕಿವಿ ಅವರಿಗೆ ತಿರುಗಿ ಸಿಗುತ್ತಿತ್ತು.

ಈಗ ಅಪ್ಪ ಇಲ್ಲ, ಕಾಕಾ ಇಲ್ಲ. ಕಾರಖಾನೆ ಇದ್ದಲ್ಲಿ ಔಷಧದ ಅಂಗಡಿಯಾಗಿದೆ, ಅರಗಿನ ವಾಸನೆ ಹೋಗಿ ಡೆಟಾಲಿನ ವಾಸನೆ ಬಂದಿದೆ.

ಹೋದ ವರ್ಷ ಲಗ್ನಪತ್ರಿಕೆ ಕೊಡಲು ಕಸಬೆ ಡಿಗ್ರಜಕ್ಕೆ ಹೋಗಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ ಪಾರವ್ವನ ಗಂಡನ ಆ ಮುಖ ತೂಗುತ್ತಿತ್ತು, ಹಣೆಗೆ ವಿಭೂತಿ, ಮೇಲೊಂದು ಗಂಧದ ಹಾರ. ನಾನು ನೋಡುವುದನ್ನು ಕಂಡು ಮೊಮ್ಮಗನ ಹೆಂಡತಿ, "ನಮ್ಮ ಆಜೋಬಾ ರೀ, ನಮ್ಮ ಮನಿಯವರ ಅಜ್ಜ. ಒಂದು ಘಳಿಗಿ ಒಂದ ಕಡೆ ಕುಂದರತಿದ್ದಿಲ್ಲಂತ. ಫೋಟೋದಾಗೂ ಹಂಗs ಬಂದಾರ ನೋಡ್ರಿ" ಎಂದು ನಗುತ್ತ ಹೇಳಿದಳು.

ಹೌದೇನವ್ವಾ ಎಂದೆ. ಅವಳು ಚಹಾ ತಂದಳು, ಕುಡಿದೆ. ಹೊರಡುವಾಗ ಕುಂಕುಮ ಹಚ್ಚಲು ಬಂದಳು, ತಲೆ ಬಗ್ಗಿಸಿ ಹಚ್ಚಿಸಿಕೊಂಡು ಬಂದೆ.