ಮುಟ್ಟದ ಸಾಲಕ್ಕೆ ಹನ್ನೊಂದು ವರ್ಷದ ಬಾಡಿಗೆ

ಬೆಳಗಿನ ಆರು ಗಂಟೆ. ಹಣಕಾಸು ಇಲಾಖೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತಿದೆ. ಅದರ ಕೆಳಗೆ ಐವತ್ತೆಂಟರ ಗುಮಾಸ್ತೆಯೊಬ್ಬರು ಸಾಲ ಕೊಟ್ಟ ದೇಶಗಳಿಂದ ಬಂದ ಪತ್ರಗಳನ್ನು ಒಂದೊಂದಾಗಿ ಅಚ್ಚು ತೆಗೆಯುತ್ತಿದ್ದಾರೆ. ಇಷ್ಟು ಬೇಗ ಯಾಕೆ ಬರಬೇಕು ಎಂದು, ಅವರ ಬಗ್ಗೆ ಬರೆಯಲು ಬಂದ ನಾನು ಕೇಳುತ್ತೇನೆ. "ಒಂಬತ್ತರ ಮೇಲೆ ಪ್ರಿಂಟರ್ ಸಾಹೇಬರುಗಳ ಪಾಲು ಕಣಮ್ಮ. ನಮಗೇನಿದ್ರೂ ಸೂರ್ಯನ ಜೊತೆ ಪಾಳಿ."

ಇಲಾಖೆಯಲ್ಲಿ ಇವರ ಹೆಸರು ‘ಸಾಲದಕ್ಕ’. "ನನ್ನ ಹೆಸರಲ್ಲಿ ಒಂದು ಪೈಸೆ ಸಾಲ ಇಲ್ಲ, ಬಿರುದು ನೋಡು!" ಎಂದು ನಗುತ್ತಾರೆ.

ದೇಶ ಹೊರಗಿನಿಂದ ತಂದ ನಾನೂರ ಹನ್ನೆರಡು ಸಾಲಗಳ ಒಪ್ಪಂದಗಳು ಹನ್ನೊಂದು ಬೀರುಗಳಲ್ಲಿವೆ. ಅವನ್ನು ಪೂರ್ತಿ ಓದಿದವರು ಇವರೊಬ್ಬರೇ. ಮೂವತ್ತು ವರ್ಷದ ಸೇವೆ, ಅದರಲ್ಲಿ ಹದಿನಾಲ್ಕು ವರ್ಷ ದಿನಗೂಲಿ. ಕಳೆದ ವರ್ಷ ಸಾಲ ತಗ್ಗಿಸುವುದು ಹೇಗೆಂದು ದೊಡ್ಡ ಹೋಟೆಲಿನಲ್ಲಿ ಮೂರು ದಿನ ಕಾರ್ಯಾಗಾರ ನಡೆಯಿತು. ವಿಮಾನದಲ್ಲಿ ಪರಿಣತರು ಬಂದಿಳಿದರು. ಸಾಲದಕ್ಕನನ್ನೂ ಕರೆದಿದ್ದರು, ಜೆರಾಕ್ಸ್ ಮಾಡಿಕೊಡಲು.

ಪರಿಣತರ ಕಣ್ಣಿಗೆ ಬೀಳದ್ದು ಇವರ ಕಣ್ಣಿಗೆ ಎಂದೋ ಬಿದ್ದಿತ್ತು. ಪಟ್ಟಣವೊಂದಕ್ಕೆ ಕುಡಿಯುವ ನೀರಿನ ಕೊಳವೆ ಹಾಕಲೆಂದು ಮಂಜೂರಾದ ಸಾಲ ಅದು. ಗುತ್ತಿಗೆದಾರ ಉಂಡೂ ಹೋದ, ಕೊಂಡೂ ಹೋದ; ಕೆಲಸ ಅರ್ಧಕ್ಕೆ ನಿಂತಿತು. ಉಳಿದರ್ಧ ಸಾಲವನ್ನು ನಾವು ಪಡೆಯಲೇ ಇಲ್ಲ. ಆದರೂ ಅದನ್ನು ನಮಗಾಗಿ ತೆಗೆದಿಟ್ಟಿದ್ದಕ್ಕೆ ಆರು ತಿಂಗಳಿಗೊಮ್ಮೆ ಶುಲ್ಕ ಕಟ್ಟುತ್ತಿದ್ದೇವೆ, ಹನ್ನೊಂದು ವರ್ಷದಿಂದ! "ರೂಮು ಹಿಡಿದು, ಹೋಗದೇ ಇದ್ದು, ಬಾಡಿಗೆ ಮಾತ್ರ ಕಟ್ಟಿದ ಹಾಗೆ. ‘ಉಳಿದದ್ದು ಬೇಡ, ರದ್ದು ಮಾಡಿ’ ಅಂತ ಒಂದು ಕಾಗದ ಬರೆದ್ರೆ ಸಾಕಿತ್ತು."

ರಕ್ಕಸನಿಗೆ ದಿನಕ್ಕೊಂದು ಬಂಡಿ ಅನ್ನ ಕಳಿಸುವ ಊರಿನ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಯಾರೂ ಕೇಳದಿದ್ದರೂ ಬಂಡಿ ಹೊರಡುತ್ತಲೇ ಇರುವ ಊರನ್ನು ನಾನು ಕಥೆಯಲ್ಲೂ ಕೇಳಿರಲಿಲ್ಲ.

ಒಂದು ಕಂತಿನ ಶುಲ್ಕವೆಂದರೆ ಹೆರಿಗೆ ಆಸ್ಪತ್ರೆಯ ನಲವತ್ತು ದಾದಿಯರ ಅರ್ಧ ವರ್ಷದ ಸಂಬಳ. ಸಾಲದಕ್ಕನ ತಂಗಿ ಅಲ್ಲೇ ದಾದಿ. ಮೂರು ತಿಂಗಳಿಂದ ಸಂಬಳವಿಲ್ಲ. "ಅಕ್ಕಾ, ತಗೊಳ್ಳದ ಸಾಲಕ್ಕೆ ಕೊಡೋಕಿದೆ, ಮಾಡಿದ ಕೆಲಸಕ್ಕೆ ಕೊಡೋಕಿಲ್ವಾ? ಭಲೇ ಇಲಾಖೆ ನಿಮ್ದು!" ಎಂದು ತಂಗಿ ಚುಚ್ಚಿದ ದಿನ ಇವರಿಗೆ ಊಟ ಸೇರಲಿಲ್ಲ.

ಅವರು ಒಂಬತ್ತು ಬಾರಿ ಟಿಪ್ಪಣಿ ಬರೆದು ಮೇಲೆ ಕಳಿಸಿದ್ದಾರೆ. ಒಂಬತ್ತು ಅಧಿಕಾರಿಗಳೂ ಕಡತದ ಅಂಚಿನಲ್ಲಿ ಬರೆದದ್ದು ಒಂದೇ ಪದ: ‘ಚರ್ಚಿಸಿ’. ಕಚೇರಿ ಬಲ್ಲವರಿಗೆ ಇದರ ಅರ್ಥ ಗೊತ್ತು: ಈ ಪೀಡೆ ನನ್ನ ಮೇಜಿನಿಂದ ತೊಲಗಲಿ. ಚರ್ಚೆಗೆ ಯಾರೂ ಕರೆಯುವುದಿಲ್ಲ. ಅಷ್ಟರಲ್ಲಿ ಸಾಹೇಬರಿಗೆ ವರ್ಗ, ಕೆಲವರಿಗೆ ಬಡ್ತಿ ಕೂಡ! ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ.

ನಾಳೆ ಮತ್ತೊಂದು ಕಂತು. ಇವತ್ತು ಪತ್ರ ಹೋಗದಿದ್ದರೆ ಇನ್ನಾರು ತಿಂಗಳು ದಂಡ. ಒಂಬತ್ತೂವರೆಗೆ ಸಾಲದಕ್ಕ ಕಡತ ಎತ್ತಿಕೊಂಡು ತಾವೇ ಮೂರನೇ ಮಹಡಿ ಹತ್ತುತ್ತಾರೆ, ಹಿಂದೆ ನಾನು. ಹೊಸ ಉಪ ಕಾರ್ಯದರ್ಶಿ ಫೋನಿನಿಂದ ಕಣ್ಣೆತ್ತದೆ, "ಇಟ್ಟು ಹೋಗಿಯಮ್ಮ, ನೋಡ್ತೀನಿ" ಎನ್ನುತ್ತಾರೆ.

ಇವರು ಕದಲುವುದಿಲ್ಲ. ಸಾಹೇಬರು ನಿಟ್ಟುಸಿರಿಟ್ಟು, ಪೆನ್ನು ತೆಗೆದು ಅಂಚಿಗೆ ಕೈ ಒಯ್ಯುತ್ತಾರೆ.

"ಸಾರ್, ‘ಚರ್ಚಿಸಿ’ ಅಂತ ಬರೀಬೇಡಿ. ಚರ್ಚಿಸೋಕೇ ಬಂದಿದೀನಿ. ಕೂತ್ಕೊಳ್ಲಾ?"

ಉತ್ತರಕ್ಕೂ ಕಾಯದೆ ಕುರ್ಚಿ ಎಳೆದು ಕೂರುತ್ತಾರೆ. ಬಾಗಿಲ ಬಳಿಯ ಜವಾನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಶುಲ್ಕ ಕಟ್ಟಿದ ಇಪ್ಪತ್ತೆರಡು ರಸೀದಿಗಳು ಮೇಜಿನ ಮೇಲೆ ಸಾಲಾಗಿ ಹರಡುತ್ತವೆ. ಸಾಹೇಬರು ಹತ್ತನೆಯದಕ್ಕೆ ಫೋನು ಕೆಳಗಿಡುತ್ತಾರೆ. ಇಪ್ಪತ್ತೆರಡನೆಯದು ಮುಗಿದಾಗ, "ಯಾರೂ ನೋಡಲೇ ಇಲ್ವಾ ಇದನ್ನ?" ಎಂದು ಕೇಳುತ್ತಾರೆ.

"ಒಂಬತ್ತು ಜನ ನೋಡಿದ್ದಾರೆ ಸಾರ್. ಸಹಿಗಳೂ ಇವೆ."

ರದ್ದತಿ ಪತ್ರಕ್ಕೆ ಸಹಿ ಬೀಳಲು ಇಪ್ಪತ್ತು ನಿಮಿಷ. ಹನ್ನೊಂದು ವರ್ಷಕ್ಕೆ ಇಪ್ಪತ್ತು ನಿಮಿಷ! ಕಟ್ಟಿದ ಹಣ ಹಿಂದಿರುಗದು. ಒಂಬತ್ತು ಜನರನ್ನು ಯಾರೂ ಕೇಳುವುದೂ ಇಲ್ಲ.

ಖುಷಿಯಾಯಿತೇ ಎಂದರೆ ಸಾಲದಕ್ಕ ಆಗಲೇ ನಾಲ್ಕನೇ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕಡತದ ದಾರ ಬಿಚ್ಚುತ್ತಿದ್ದಾರೆ.

"ಇಂಥವು ಇನ್ನೂ ನಾಲ್ಕಿವೆ ಕಣಮ್ಮ. ನನಗೆ ಸರ್ವೀಸ್ ಎರಡೇ ವರ್ಷ. ಮುಗಿಸಿಯೇ ಹೋಗ್ತೀನಿ. ಪೆನ್ಷನ್ ತಗೊಳ್ಳೋವಾಗ ತಂಗಿ ಮುಂದೆ ಮುಖ ಎತ್ಕೊಂಡು ತಗೋಬೇಕಲ್ವಾ?"